ತರ್ಜುಮೆ ಗುಮಾಸ್ತನ ಜಬಾನಿ

ಯಾರೂ ಕೇಳಿಲ್ಲ, ಸಮನ್ಸು ಬಂದಿಲ್ಲ.
ಆದರೂ ಬರೆದಿಡುತ್ತೇನೆ
ಛಾಪಾ ಇಲ್ಲದ ಬರಿಯ ಕಾಗದದ ಮೇಲೆ.

ಹೆಸರು ಸ್ವಾಮಿರಾಯ. ತಂದೆ ಗುಂಡೇರಾಯ.
ಬಳ್ಳಾರಿಯ ಜಿಲ್ಲಾ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ
ಕನ್ನಡದ ಜಗಳವನ್ನು ಇಂಗ್ಲಿಷಿನ ಸಾಲಿನಲ್ಲಿ
ಕೈಕಟ್ಟಿ ಕೂಡಿಸಿದವನು.
ಪುಟಕ್ಕೆ ಮೂರಾಣೆ.

ಸಿರುಗುಪ್ಪದ ಕಡೆಯ ಎರೆಹೊಲ.
ಎರಡು ಹೊಲದ ನಡುವೆ ಒಂದು ಬದು,
ಬದುವಿನ ಮೇಲೆ ಜಾಲಿಗಿಡ.
ಆ ವರ್ಷ ಹಗರಿ ಉಕ್ಕಿ
ಗಿಡದ ಸಮೇತ ಬದುವನ್ನು ನೆಕ್ಕಿಕೊಂಡು ಹೋಯಿತು.
ನೀರಿಳಿದ ಮೇಲೆ ಎಲ್ಲಾ ಒಂದೇ ಕಪ್ಪು;
ಯಾರದು ಯಾವುದೆಂದು ನೆಲಕ್ಕೂ ನೆನಪಿಲ್ಲ.

ಆ ಕಡೆ ಕರಿಬಸವನಗೌಡ.
ಈ ಕಡೆ ಹುಲಿಗೆವ್ವ, ಒಂದು ಎಮ್ಮೆ, ನಾಲ್ಕೆಕರೆ.

ಚಾವಡಿ ಕಟ್ಟೆಯ ಮೇಲೆ ಐವರು ಕೂತರು:
ತಳವಾರ ದುರುಗಪ್ಪ, ಬಡಿಗೇರ ಮೌನೇಶ,
ಪಿಂಜಾರ ನಬೀಸಾಬ,
ಇನ್ನಿಬ್ಬರ ಹೆಸರು ಕಡತದಲ್ಲಿ ಇಲಿ ತಿಂದಿದೆ.
ಹೊತ್ತು ಮುಳುಗುವ ತನಕ ಎಲೆಅಡಿಕೆ ಜಗಿದು ಅಂದರು:
"ನೆನಪಿದ್ದವರು ಮಣ್ಣು ಹೊರಲಿ."

ಮಣ್ಣು ಹೊರುವುದೆಂದರೆ,
(ಈಗ ಬಿಡಿಸಿ ಹೇಳುತ್ತೇನೆ, ಆಗ ಹೇಳಲಿಲ್ಲ)
ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ,
ತಕರಾರಿನ ನೆಲದ ಒಂದು ಹೆಂಟೆ ನೆತ್ತಿಯ ಮೇಲಿಟ್ಟು
ಬದು ಇದ್ದಲ್ಲಿ ನಡೆಯುವುದು.
ನಡೆದದ್ದೇ ಗಡಿ.
ಸುಳ್ಳು ನಡೆದಿದ್ದರೆ ಮೂರು ತಿಂಗಳೊಳಗೆ
ಮನೆಯಲ್ಲಿ ಹೆಣ ಬೀಳುತ್ತದೆ,
ಇಲ್ಲ, ಕೊಟ್ಟಿಗೆ ಬರಿದಾಗುತ್ತದೆ.

ಗೌಡ ಮೊಣಕಾಲು ನೋವೆಂದ.
ಹುಲಿಗೆವ್ವ ಹೊತ್ತಳು.
ಮೂರು ತಿಂಗಳು ಊರಿಗೆ ಊರೇ
ಅವಳ ಎಮ್ಮೆಯನ್ನು ನೋಡುತ್ತಿತ್ತಂತೆ.
ಎಮ್ಮೆ ಈಯಿತು. ಹೆಣ್ಣುಗರು.

ಗೌಡ ದಾವಾ ಹಾಕಿದ.
ಮುನಸೀಫರು ರಾಯದುರ್ಗದ ಕಡೆಯವರು,
ಪಂಚರ ಮಾತನ್ನೇ ಎತ್ತಿಹಿಡಿದರು, ಎರಡು ಪುಟದಲ್ಲಿ.
ಮಣ್ಣು ಹೊರುವುದು ಏನೆಂದು ಅವರು ಬರೆಯಲಿಲ್ಲ.
ಗೊತ್ತಿದ್ದವರು ಬಿಡಿಸಿ ಬರೆಯುವುದಿಲ್ಲ.

ಅಪೀಲು ದೊರೆಯ ಮುಂದೆ ಬಂತು,
ಹುಲಿಗೆವ್ವ ನನ್ನ ಮೇಜಿಗೆ ಬಂದಳು
ಹನ್ನೊಂದು ಹಾಳೆಯಾಗಿ.

ಬೇಸಿಗೆ. ಗುಡ್ಡದ ಬಂಡೆ ಕಾದು
ಕೋರ್ಟಿನ ಗೋಡೆಯ ಮೇಲೆ ಉಸಿರು ಬಿಡುತ್ತಿತ್ತು.
ಪಂಖಾ ಎಳೆಯುವ ಹುಡುಗ ಹಗ್ಗ ಹಿಡಿದೇ ನಿದ್ದೆಹೋಗಿದ್ದ.
ಸಂಜೆಯೊಳಗೆ ನಲವತ್ತು ಪುಟ ಆಗಬೇಕಿತ್ತು.

ಆಕೆಯ ಮಾತು, ಅಕ್ಷರಕ್ಕೆ ಅಕ್ಷರ:
"ಆ ಹೊಲದಾಗಿನ ಮಣ್ಣು ನಾನ ಹೊತ್ತೀನ್ರಿ.
ಊರ ಮಂದಿ ಎಲ್ಲಾರೂ ನೋಡ್ಯಾರ."

ನಾನು ಇಂಗ್ಲಿಷಿನಲ್ಲಿ ಬರೆದದ್ದು:
ಸದರಿ ನೆಲದ ಮಣ್ಣನ್ನು ಹೊತ್ತೊಯ್ದದ್ದು ತಾನೇ ಎಂದು
ಪ್ರತಿವಾದಿ ಒಪ್ಪುತ್ತಾಳೆ. ಕಂಡವರಿದ್ದಾರೆ.

ಹೊತ್ತಳು. ಹೊತ್ತೊಯ್ದಳು.
ನಡುವೆ ಇರುವುದು
ಒಂದು ಬದುವಿನಷ್ಟು ಅಗಲ.

ದೊರೆ ತೀರ್ಪು ಕೊಟ್ಟ:
ಪಂಚರ ನಿರ್ಣಯಕ್ಕೆ ಬರಹವಿಲ್ಲ, ಬರಹವಿಲ್ಲದ್ದರಿಂದ ರುಜುವಿಲ್ಲ,
ರುಜುವಿಲ್ಲದ್ದು ನಿರ್ಣಯವೇ ಅಲ್ಲ.
ಮೇಲಾಗಿ, ಮಣ್ಣು ಕದ್ದದ್ದನ್ನು ಆಕೆಯೇ ಒಪ್ಪಿದ್ದಾಳೆ.
ಖರ್ಚು ಸಹಿತ ಡಿಕ್ರಿ.

ದೊರೆಯ ತಪ್ಪಿಲ್ಲ.
ಅವನು ಓದಿದ್ದು ನನ್ನನ್ನು.

ಎಂಟು ದಿನಕ್ಕೆ ಆಕೆ ಬಂದಳು. ಈ ಸಲ ಹಾಳೆಯಾಗಿ ಅಲ್ಲ,
ಕಾಲಲ್ಲಿ ಕೆರವಿಲ್ಲದೆ, ಸೆರಗಿನಲ್ಲಿ ಬುತ್ತಿ ಕಟ್ಟಿಕೊಂಡು.
"ಏನ್ ಬರದಾರ, ಓದಿ ಹೇಳ್ರಿ ರಾಯರ."
ಓದಿದೆ, ಇಂಗ್ಲಿಷಿನಿಂದ ಕನ್ನಡಕ್ಕೆ.
ಕದ್ದದ್ದು ಎಂಬಲ್ಲಿಗೆ ಬಂದು
ಕನ್ನಡಕ ಒರೆಸಿಕೊಂಡೆ.
"ಮಣ್ಣು ಹೊತ್ತಿದ್ದಾಳೆ" ಅಂದೆ.

"ಹೌದ್ರಿ," ಅಂದಳು, ಮುಖ ಅರಳಿತು,
"ಖರೇದ್ದು ಬರದಾರ."
ಆಮೇಲೆ ಸ್ವಲ್ಪ ಹೊತ್ತಿಗೆ:
"ಮತ್ತ ಸೋತದ್ದು ಹೆಂಗ್ರಿ?"

ಕಾಗದ ಇರಲಿಲ್ಲವಲ್ಲ, ಅಂದೆ.
ಅದೂ ಸುಳ್ಳಲ್ಲ.

ಓದಿದ್ದಕ್ಕೆಂದು ಸೆರಗಿನ ಗಂಟು ಬಿಚ್ಚಿ
ಒಂದಾಣೆ ಮೇಜಿನ ಮೇಲಿಟ್ಟಳು.
ತೆಗೆದುಕೊಂಡೆ.

ಆ ರಾತ್ರಿಯಿಂದ ಮೂರು ತಿಂಗಳು
ಪಂಚಾಂಗದಲ್ಲಿ ಒಂದೊಂದೇ ದಿನ ಗೀಟು ಹಾಕಿದೆ.
ಮಕ್ಕಳಿಗೆ ಒಂದು ಕೆಮ್ಮೂ ಬರಲಿಲ್ಲ.
ನಮ್ಮ ಹಸು ಚೆನ್ನಾಗಿಯೇ ಇತ್ತು,
ಎರಡೂ ಹೊತ್ತು ಹಾಲು ಕೊಟ್ಟಿತು.