ಒಳಗಿನ ಚೀಟಿ

ಪುರಾವೆ ಏನಿದೆಯಮ್ಮ, ಅಂದರು ಮೇಜಿನಾಚೆಯವರು.
ಕಾರ್ಮಿಕ ಭವನದ ಎರಡನೇ ಮಹಡಿ. ಇದು ಆರನೇ ವಾಯಿದೆ.
ಅರ್ಜಿಯಲ್ಲಿ ಸಣ್ಣತಾಯಮ್ಮ, ಆಧಾರಿನಲ್ಲಿ ಚಿಕ್ಕತಾಯಮ್ಮ,
ಎರಡಕ್ಕೂ ಅರ್ಥ ಒಂದೇ ಸಾರ್ ಅಂದಿದ್ದೆ,
ಅಷ್ಟಕ್ಕೇ ಒಂದು ವಾಯಿದೆ ಹೋಗಿತ್ತು.
ದಿವಾಕರ್ ಸಾರ್ ಇವತ್ತೂ ಬಂದಿಲ್ಲ.
ಅವರ ವಕೀಲರ ಜೂನಿಯರ್ ಬಂದಿದ್ದಾನೆ,
ಮೀಸೆ ಸರಿಯಾಗಿ ಮೂಡದ ಹುಡುಗ,
ನನ್ನ ನೋಡಿ ಏಳಲೋ ಬೇಡವೋ ಎಂದು
ಅರ್ಧ ಎದ್ದು ಕೂತ.

ಹಾಜರಿ ಪುಸ್ತಕ ನೀರಲ್ಲಿ ನೆನೆದು ಹೋಯಿತಂತೆ.
ಸಂಬಳ ಕವರಿನಲ್ಲಿ ಕೊಡುತ್ತಿದ್ದರು,
ಕವರಿನ ಮೇಲೆ ಪೆನ್ಸಿಲ್ಲಿನಲ್ಲಿ ಮೊತ್ತ,
ಎಣಿಸಿಕೊಂಡು ಕವರು ವಾಪಸು ಕೊಡಬೇಕು,
ಮುಂದಿನ ತಿಂಗಳಿಗೆ ಅದೇ.

ಹಾಗಾದರೆ ಕೇಳಿ ಸಾರ್.
ಪೀಣ್ಯ ಎರಡನೇ ಹಂತ, ತಗಡಿನ ಶೆಡ್ಡು,
ಹದಿನಾಲ್ಕು ವರ್ಷ ತಾಮ್ರದ ತಂತಿ ಸುತ್ತಿದೆ.
ಒಂದು ಕಾಯಿಲಿಗೆ ಎರಡು ಸಾವಿರದ ಎಂಟುನೂರ ನಲವತ್ತು ಸುತ್ತು.
ಎಣಿಸುವ ಮೀಟರು ಕೆಟ್ಟು ಯಾವ ಕಾಲವೋ,
ನಾನೇ ಮೀಟರು.
ನಡುವೆ ಯಾರಾದರೂ ಮಾತಾಡಿಸಿದರೆ
ಬಾಯಿಗೆ ಸಂಖ್ಯೆಯೇ ಬರುತ್ತಿತ್ತು.
ಅಮ್ಮಾ ಜ್ವರ, ಅಂದಳು ಮಗಳು ಒಮ್ಮೆ ಫೋನಿನಲ್ಲಿ.
ಸಾವಿರದ ಆರುನೂರ ಹನ್ನೊಂದು, ಅಂದೆ.

ಪದರಪದರಕ್ಕೂ ಕಂದು ಕಾಗದ.
ಕೊನೆಯ ಪದರದ ಕೆಳಗೆ ಬೆರಳುದ್ದದ ಚೀಟಿ ಇಡಬೇಕು:
ತಾರೀಕು, ಸುತ್ತು, ಸುತ್ತಿದವರ ಟೋಕನ್.
ಸುಟ್ಟು ವಾಪಸು ಬಂದರೆ
ಯಾರ ತಪ್ಪೆಂದು ಹಿಡಿಯುವುದಕ್ಕೆ.
ನನ್ನದು ನಲವತ್ತೇಳು.
ಆಮೇಲೆ ಎಣ್ಣೆಯ ತೊಟ್ಟಿಗೆ ಇಳಿಸಿ
ಮುಚ್ಚಳ ಬಿಗಿದು ಲಾರಿಗೇರಿಸುತ್ತಿದ್ದರು.

ಪುರಾವೆ ಕೇಳಿದಿರಲ್ಲ,
ಲಗ್ಗೆರೆ ಸೇತುವೆಯ ಪಕ್ಕದ್ದು,
ಸುಂಕದಕಟ್ಟೆ ಮಾರ್ಕೆಟ್ಟಿನ ಹಿಂದಿನದು,
ನಿಮ್ಮ ಗೇಟಿನೆದುರು ಹೊಂಗೆಮರದ ಕೆಳಗೆ
ಕಸದ ರಾಶಿ ಕಾಯುತ್ತ ಗುಂಯ್‌ಗುಡುವ ಅದು,
ಬೋಲ್ಟು ಬಿಚ್ಚಿಸಿ ನೋಡಿ.
ಒಳಗೆ ನನ್ನ ಕೈಬರಹವಿದೆ.
ನಿಮ್ಮ ಫ್ಯಾನು ತಿರುಗುತ್ತಿರುವುದು ಅದರಿಂದ.

ಅವರು ನಕ್ಕರು. ಕೆಟ್ಟ ನಗೆಯಲ್ಲ.
ಬೆಸ್ಕಾಂನವರು ಮೊದಲು ನನ್ನನ್ನೇ ಬಿಚ್ಚುತ್ತಾರಮ್ಮ, ಅಂದರು.
ಬೇರೇನಾದರೂ?

ಬೇರೆ ತಂದವಳು ಟೆಸ್ಟಿಂಗಿನ ಶಾಹಿದಾ.
ಬೀಗ ಜಡಿದ ದಿನ, ಮಗ ಗೀಚಲಿ ಎಂದು
ಚೀಟಿಗಳ ಕಾರ್ಬನ್ ಪುಸ್ತಕ ಬ್ಯಾಗಿಗೆ ಹಾಕಿಕೊಂಡಿದ್ದಳಂತೆ.
ಪುಟಪುಟಕ್ಕೂ ಬಣ್ಣದ ಬಸ್ಸು, ಮೂರು ಕಾಲಿನ ಆನೆ,
ಆನೆಯ ಹೊಟ್ಟೆಯೊಳಗೆ ಮಸುಕು ನೀಲಿ:
ತಾರೀಕು, ಸುತ್ತು, ೪೭.
ಜೂನಿಯರ್ ತಿರುವಿದ, ತಿರುವಿದ,
ಎದ್ದು ಹೋಗಿ ಕಾರಿಡಾರಿನಲ್ಲಿ ಫೋನು ಮಾಡಿದ.

ಮೂರು ತಿಂಗಳ ಬಾಕಿ, ಎರಡು ಚೆಕ್ಕು.
ಗ್ರಾಚ್ಯುಟಿಗೆ ಬೇರೆ ಫಾರಂ, ಬೇರೆ ಮೇಜು, ಬೇರೆ ವಾಯಿದೆ.
ಸೈನ್ ಮಾಡಿ, ಅಂದರು.

ಮತ್ತೆ ಆ ಒಂಬತ್ತು ದಿನ?
ತಾಮ್ರ ಬರುವುದು ನಿಂತ ಮೇಲೂ
ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು
ಎಂಟೂವರೆಗೆ ಹೋಗಿ ಕೂರಿಸಿಕೊಂಡಿರಲ್ಲ,
ಶೆಡ್ಡು ಗುಡಿಸಿದೆವು,
ಖಾಲಿ ಬಾಬಿನ್ನುಗಳನ್ನು ಗಾತ್ರದ ಪ್ರಕಾರ ಜೋಡಿಸಿದೆವು,
ಕೆಂಪರಾಜು ನಮ್ಮ ಡಬ್ಬಿಗಳಿಂದಲೇ
ಎರಡು ಎರಡು ತುತ್ತು ತಿಂದ.
ಆ ದಿನಗಳಿಗೆ ಚೀಟಿಯಿಲ್ಲ,
ಸುತ್ತಲಿಲ್ಲವಲ್ಲ.

ಅದಕ್ಕೆ ಕಾಲಂ ಇಲ್ಲಮ್ಮ, ಅಂದರು.
ಸೈನ್ ಮಾಡಿದೆ.
ಅಂಚಿನಲ್ಲಿ ಜಾಗವಿತ್ತು, ಬೆರಳುದ್ದ.
ಒಂಬತ್ತು ದಿನ ಬಾಕಿ, ಟೋಕನ್ ೪೭, ಎಂದು ಬರೆದು
ತಾರೀಕು ಹಾಕಿದೆ.
ಅವರು ನೋಡಿದರು, ಹೊಡೆದುಹಾಕಲಿಲ್ಲ.

ಹೊರಗೆ ಗೇಟಿನ ಬಳಿ ಆ ಹುಡುಗ
ಹೆಲ್ಮೆಟ್ಟು ಕೈಯಲ್ಲಿ ಹಿಡಿದು ತಲೆಯೆತ್ತಿ ನಿಂತಿದ್ದ.
ಇದೇನಾ ಆಂಟಿ, ನೀವು ಸುತ್ತಿದ್ದು?

ಇರಬಹುದು, ಅಂದೆ.
ಹೊರಗಿನಿಂದ ಎಲ್ಲವೂ ಒಂದೇ ಥರ ಕಣಪ್ಪ.