ಟವೆಲ್ಲಿನ ಕೆಳಗೆ

ಹೊರಗೆ ನಲವತ್ತೆರಡು ಡಿಗ್ರಿ ಬಳ್ಳಾರಿ.
ಒಳಗೆ, ಗಾಜಿನ ಮನೆಯಲ್ಲಿ, ಬೆವರೇ ಗೊತ್ತಿಲ್ಲದ ಬಿಳಿ ಕಾರು.
ವಂಶಿ ಎಂಬ ಹುಡುಗ ಮೊದಲು ಶರಬತ್ತು ಕೊಟ್ಟ,
ಆಮೇಲೆ ಕಾಗದ:
ಕಾರಿನ ಬೆಲೆ, ವಿಮೆ, ರಸ್ತೆ ತೆರಿಗೆ,
ಮ್ಯಾಟು, ಮಡ್‌ಫ್ಲಾಪು, ಸೀಟಿನ ಗವಸು,
ಎಲ್ಲಕ್ಕಿಂತ ಕೆಳಗೆ ಇರುವೆ ಅಕ್ಷರದಲ್ಲಿ
ನಿರ್ವಹಣಾ ಶುಲ್ಕ, ಹನ್ನೆರಡು ಸಾವಿರ.

ನಾನು ಜೀನ್ಸ್ ಹೊಲಿಸುವವಳು.
ಕೌಲ್ ಬಜಾರಿನ ಹಿಂದೆ ಹನ್ನೊಂದು ಮಿಷನ್ನು.
ಯಾವ ಪ್ಯಾಂಟು ಕೊಟ್ಟರೂ ಬಿಚ್ಚಿ ಹೇಳಬಲ್ಲೆ
ಜಿಪ್ಪಿಗೆಷ್ಟು, ಗುಂಡಿಗೆಷ್ಟು, ಬಣ್ಣ ತೊಳೆದದ್ದಕ್ಕೆಷ್ಟು.
"ಈ ಹನ್ನೆರಡು ಏನಪ್ಪಾ?"
"ಗೋಡೌನಿಂದ ಇಲ್ಲಿಗೆ ತರೋ ಖರ್ಚು, ಮೇಡಂ."
"ಪ್ಯಾಂಟು ಅಂಗಡಿಗೆ ಬಂದ ಆಟೋ ಬಾಡಿಗೆ
ನಾ ಗಿರಾಕಿ ಹತ್ರ ಕೇಳ್ಲಾ?"
ಹುಡುಗ ನಕ್ಕು ಗೀಟು ಎಳೆದ.

ಗಾದಿಲಿಂಗಪ್ಪ ಮಾವ ಶರಬತ್ತು ಮುಟ್ಟಿಲ್ಲ.
ಮೂವತ್ತು ವರ್ಷ ದನದ ದಲ್ಲಾಳಿ;
ಟವೆಲ್ಲಿನ ಕೆಳಗೆ ಬೆರಳು ಹಿಡಿದೇ
ಸಾವಿರ ಜೋಡಿ ಎತ್ತು ದಾಟಿಸಿದವನು.
ಹಲ್ಲು ಎಣಿಸುವವನ ಹಾಗೆ ಬಾನೆಟ್ಟಿನೊಳಗೆ ಇಣುಕಿ,
ತಗಡಿನ ಮೇಲಿನ ನಂಬರು ನನ್ನಿಂದ ಓದಿಸಿ,
ವಂಶಿಯಿಂದ ಅರ್ಥ ಹೇಳಿಸಿ,
"ಹೋದ ಡಿಸೆಂಬರಿನ್ಯಾಗ ಹುಟ್ಟಿದ್ದು.
ಎಳೆಗರದ ರೇಟು ಹೆಂಗ ಹಚ್ಚತಿ?" ಅಂದ.

ದಾರಿಯಲ್ಲೇ ಹೇಳಿಕೊಟ್ಟಿದ್ದ:
ರೇಟು ಹೇಳಿದ ಮ್ಯಾಲೆ ಬಾಯಿ ಮುಚ್ಚಿ ಕುಂದ್ರು.
ಮೊದಲು ಮಾತಾಡಿದವನ ಎತ್ತು ಸೋವಿ.
ಹೊಸಪೇಟೆಯಿಂದ ತಂದ ಕೊಟೇಶನ್ನನ್ನು
ಮೇಜಿನ ಮೇಲೆ ಕವುಚಿಟ್ಟು ಕೂತೆ.
ಎ.ಸಿ. ಗುರುಗುಟ್ಟಿತು.
ವಂಶಿ ಮ್ಯಾನೇಜರನ ಕ್ಯಾಬಿನ್ನಿಗೆ ಹೋದ, ಬಂದ,
ಹೋದ, ಬಂದ.
ಒಂದೊಂದು ಸಲಕ್ಕೂ ಹತ್ತತ್ತು ಸಾವಿರ ಉದುರಿತು.

"ಇನ್ನೈದು," ಅಂದ ಮಾವ.
ಹುಡುಗ ನನ್ನ ಕಡೆ ಬಾಗಿದ:
"ಇನ್ನು ಇಳಿದ್ರೆ ನನ್ನ ಇನ್ಸೆಂಟಿವ್ ಹೋಗ್ತದೆ ಮೇಡಂ,
ಇವತ್ತು ಮೂವತ್ತೊಂದು."
ಅವನ ಕಾಲರಿನ ಹೊಲಿಗೆ ಬಿಟ್ಟಿತ್ತು.
ಒಂದೇ ಎಳೆ ಹೊಡೆದಿದ್ದಾರೆ, ಎರಡು ಬೇಕಿತ್ತು.

ಮುಂಬೈ ಸೇಠ್ ಈ ಯುಗಾದಿಗೆ
ಮೂವತ್ತೆರಡಿದ್ದ ಪೀಸ್‌ರೇಟು ಇಪ್ಪತ್ತೆಂಟು ಮಾಡಿದ.
ನಾನು ಸುಮ್ಮನೆ "ಹೂಂ" ಅಂದಿದ್ದೆ.
ಹೋದ ಆ ನಾಲ್ಕರಲ್ಲಿ ಎರಡನ್ನು
ಶಂಶಾದಳ ಕೂಲಿಯಿಂದ ಬಿಚ್ಚಿದ್ದು
ನನ್ನದೇ ಕೈ.

"ನಿಂದು ಇರ್ಲಿ," ಅಂದೆ. "ಕ್ಯಾಬಿನ್ನಿನವರದ್ದು ಏನೈತಿ?"
ಮಾವ ಹೆಗಲಿನ ಟವೆಲ್ಲು ತೆಗೆದು
ಹುಡುಗನ ಕೈಮೇಲೆ ಹೊದಿಸಿ, ಒಳಗೆ ಬೆರಳು ಒತ್ತಿದ.
ವಂಶಿಗೆ ಆ ಭಾಷೆ ಬರುವುದಿಲ್ಲ,
ಕಚಗುಳಿ ಇಟ್ಟಂತೆ ನಕ್ಕ.
ಆದರೂ ಕೊನೇ ಸಲ ಕ್ಯಾಬಿನ್ನಿಗೆ ಹೋದ,
ಈ ಸಲ ಬಾಗಿಲು ಬಡಿಯದೆ.
ವಿಮೆ ನಾವೇ ಹೊರಗೆ ಮಾಡಿಸುವುದು,
ಗವಸು ಪುಕ್ಕಟೆ, ಮೂರೂವರೆ ಕಡಿಮೆ.
ಕೈ ಕೊಟ್ಟೆವು.

ರಾತ್ರಿ ಮಿಷನ್ನುಗಳು ನಿಂತ ಮೇಲೆ
ಸೇಠನಿಗೆ ಫೋನು ಹಚ್ಚಿದೆ.
"ಮೂವತ್ತೆರಡು," ಅಂದೆ.
ಆಮೇಲೆ ಮಾತಾಡಲಿಲ್ಲ.
ಆ ತುದಿಯಲ್ಲಿ ಫ್ಯಾನು ತಿರುಗುವುದು ಕೇಳುತ್ತಿತ್ತು.