ಅರ್ಧ ಜಡೆ

ಕಿಸುಮುವಿನ ಬಸ್‌ಸ್ಟ್ಯಾಂಡಿನ ಹಿಂದೆ
ತಗಡಿನ ಮಾಡು, ಒಂದು ಕನ್ನಡಿ, ಎರಡು ಕುರ್ಚಿ:
ಇಷ್ಟೇ ನನ್ನ ಅಂಗಡಿ.
ಬೆಳಿಗ್ಗೆಯಿಂದ ಬೈಗಿನವರೆಗೆ ಹೆಣೆಯುತ್ತೇನೆ.
ಹೆಬ್ಬೆರಳ ಗೆಣ್ಣು ಊದಿದೆ, ಅದಿರಲಿ.
ಇಪ್ಪತ್ತು ವರ್ಷದಲ್ಲಿ ಕಲಿತದ್ದು ಒಂದೇ:
ಬಾಯಿ ಸುಳ್ಳಾಡೀತು, ನೆತ್ತಿ ಆಡದು.

ಬುಧವಾರ ಅಪೋಂಡಿ ಬಂದಳು. ಬರಲಿಲ್ಲ,
ರೋಸ್ಬೆಲಾ ರಟ್ಟೆ ಹಿಡಿದು ತಂದಳು.
"ಎರಡು ಗಂಟೆ ಬಿಡುವು ಕೊಟ್ಟರೆ ಇವಳು
ಕಿಟಕಿಯಾಚೆ ನಿಂತು ಮಗನನ್ನೇ ಕಾಯುತ್ತಾಳೆ.
ಕೂರಿಸಿಕೋ."

ರೋಸ್ಬೆಲಾಳ ಮಗಳಿಗೆ ಈಗ ಮೂವತ್ತೊಂದು,
ಇವತ್ತಿಗೂ ಅಂಗಿಯ ಗುಂಡಿ ಹಾಕಿಕೊಡಬೇಕು.
ಚರ್ಚಿನ ಹಿಂದಿನ ಕೋಣೆ ಬೇಡಿ ಪಡೆದು
ವಾರಕ್ಕೊಮ್ಮೆ ಅಂಥ ಮಕ್ಕಳನ್ನು
ತಾನೂ ಇನ್ನಿಬ್ಬರೂ ನೋಡಿಕೊಳ್ಳುತ್ತಾರೆ.
ತಾಯಂದಿರಿಗೆ ಅವಳದು ಒಂದೇ ಕಟ್ಟಳೆ:
ಹೋಗಿ. ಎಲ್ಲಿಗಾದರೂ. ಹೋಗಿ.

ಅಪೋಂಡಿ ಕೂತಳು ಕುರ್ಚಿಯ ತುದಿಗೆ
ಬಸ್ಸಿಗೆ ಕಾಯುವವರ ಹಾಗೆ.
ತಲೆವಸ್ತ್ರ ಬಿಚ್ಚಿದೆ.
ಎಡಗಿವಿಯ ಮೇಲೆ ಅಂಗೈಯಗಲ ಬೋಳು.
ನಾನು ಕೇಳಲಿಲ್ಲ. ಅವಳೇ ಅಂದಳು:
"ಹಿಡಿದದ್ದನ್ನು ಬಿಡಲಿಕ್ಕೆ ಬರುವುದಿಲ್ಲ ಅವನಿಗೆ.
ಸಿಟ್ಟಲ್ಲ ಅದು. ಸುತ್ತ ಸದ್ದು ಏರಿದಾಗ
ಮುಳುಗುವವನಿಗೆ ಹುಲ್ಲುಕಡ್ಡಿ."

ಏಳು ವರ್ಷದಲ್ಲಿ ಈ ತಲೆ ಮುಟ್ಟಿದವರು:
ಮಗ.
ದೆವ್ವ ಬಿಡಿಸುತ್ತೇನೆಂದು ಅಂಗೈ ಒತ್ತಿ ಕೂಗಿದ ಒಬ್ಬ ಪಾದ್ರಿ
(ದೆವ್ವ ಇದ್ದದ್ದು ತಾಯಿಯಲ್ಲಂತೆ).
ಮತ್ತೆ ಇರುಳಿಡೀ ತಲೆಹೊತ್ತು ಕೂತ
ಅವಳವೇ ಎರಡು ಕೈ.
ಗಂಡ ಜಕಾಯೊ ಕೆಟ್ಟವನಲ್ಲ.
ರಾತ್ರಿ ಬಾಡಿಗೆ ಬೈಕಿನಲ್ಲಿ ಊರವರನ್ನು ಹೊರುತ್ತಾನೆ,
ಬೆಳಿಗ್ಗೆ ಆ ಬೈಕನ್ನು ಒಂದು ಗಂಟೆ ತೊಳೆಯುತ್ತಾನೆ,
ಚೊಕ್ಕಟವಾದ ಮೇಲೂ.
ಆ ನೀರಿನ ಜೊತೆ ಇನ್ನೇನು ಹರಿಯುತ್ತದೆಂದು
ಬಲ್ಲಳು. ಬಲ್ಲೆನೆಂದು ಹೇಳಿಲ್ಲ.

ಬೈತಲೆ ತೆಗೆದೆ. ಎಣ್ಣೆ ಸವರಿದೆ.
ಬಲಗಡೆಯಿಂದ ಶುರು, ಸಣ್ಣ ಸಣ್ಣ ಸಾಲು.
ಆರನೆಯ ಸಾಲಿಗೆ ಕುತ್ತಿಗೆ ಸಡಿಲಾಯಿತು.
ಏಳನೆಯದಕ್ಕೆ ತಲೆ ನನ್ನ ಹೊಟ್ಟೆಗೆ ಒರಗಿತು.
ನಿದ್ದೆ.
ಹಸುಗೂಸುಗಳನ್ನು ಎತ್ತಿದ್ದೇನೆ, ಹೆಣ ತೊಳೆದಿದ್ದೇನೆ,
ಒಂದು ತಲೆಗೆ ಇಷ್ಟು ತೂಕವೆಂದು
ಗೊತ್ತಿರಲಿಲ್ಲ.

ಹೆಣೆದರೆ ಎಚ್ಚರಾಗುತ್ತಾಳೆ. ಕೈ ನಿಲ್ಲಿಸಿದೆ.
ರೇಡಿಯೋ ಆರಿಸೆಂದು ಟೊಮೇಟೊ ಮಾರುವ ಹುಡುಗನಿಗೆ
ಕಣ್ಣಲ್ಲೇ ಹೇಳಿದೆ.
ಇನ್ನೊಬ್ಬ ಗಿರಾಕಿ ಬಂದು, ಕಾದು, ಬೈದು ಹೋದಳು.
ಮುನ್ನೂರು ಶಿಲ್ಲಿಂಗ್.
ಹೋದರೆ ಹೋಗಲಿ ಅನ್ನಲಾರೆ, ನನಗೂ ಬಾಡಿಗೆ ಉಂಟು.
ಆದರೂ ಗೂಟದ ಹಾಗೆ ನಿಂತೆ.

ಹೊತ್ತಾದಾಗ ಭುಜ ತಟ್ಟಿದೆ.
ದಿಗ್ಗನೆದ್ದು ಕನ್ನಡಿ ನೋಡಿದಳು:
ಅರ್ಧ ಜಡೆ, ಅರ್ಧ ಪೊದೆ.
ನಗು ಬಂತು, ಮೊದಲು ನನಗೆ.
"ಹೀಗೇ ಹೋಗಲೇ?"
"ಹೀಗೇ ಹೋಗು."

ಯಾಕೋ ನಾನೂ ಜೊತೆಗೆ ನಡೆದೆ.
ಒಡೇರೋ ಬಾಗಿಲಲ್ಲಿದ್ದ, ಮುಖ ಗೋಡೆಗೆ.
ಅವಳು ಮೊಣಕಾಲೂರಿದಳು.
ಅವನ ಕೈ ತಲೆಗೆ ಬಂತು,
ನನ್ನ ಉಸಿರು ಹಿಡಿಯಿತು.
ಎಳೆಯಲಿಲ್ಲ.
ಒಂದು ಬೆರಳು ಮೊದಲ ಸಾಲಿನ ಮೇಲೆ
ಹಣೆಯಿಂದ ಹಿಂದಲೆಗೆ ನಡೆಯಿತು.
ಮತ್ತೆ ಎರಡನೆಯದು. ಮೂರನೆಯದು.
ಏಳು ಮುಗಿದು ಹೆಣೆಯದ ಕಡೆಗೆ ಬಂದು
ದಾರಿ ತಪ್ಪಿದಂತೆ ನಿಂತು,
ಕಿರುಚಿದ.

ಪವಾಡವೇನಲ್ಲ.
ಇಪ್ಪತ್ತು ನಿಮಿಷ ಅವನನ್ನು ಅವುಚಿ ಕೂತಳು.
ನಾನು ಅವಳ ಚೀಲ ಹಿಡಿದು ನಿಂತೆ.
ಆ ಕೂಗಿನ ನಡುವೆಯೇ ಅಂದಳು:
"ಮುಂದಿನ ಬುಧವಾರ. ಉಳಿದದ್ದು ಮುಂದಿನ ಬುಧವಾರ."

ಅವನಿಗೆ ಅಂದಳೋ ನನಗೋ.
ಕುರ್ಚಿಯನ್ನಂತೂ
ಆ ಎರಡು ಗಂಟೆ ಬೇರೆ ಯಾರಿಗೂ ಕೊಡುವುದಿಲ್ಲ.